ಟೊಲೆಡೊದಲ್ಲಿ ಒಂಬತ್ತು ತುಂಡು ರೊಟ್ಟಿ

ಸ್ಪೇನಿನಲ್ಲಿ ಕಳೆದ ಹತ್ತು ದಿನಗಳ ಪೈಕಿ ನನ್ನೊಳಗೆ ಗಟ್ಟಿಯಾಗಿ ಉಳಿದಿರುವುದು ಟೊಲೆಡೊ ಪ್ರಧಾನಾಲಯದ ಒಂದು ಮೂಲೆಯಲ್ಲಿ ಕೂತಿದ್ದ ಒಂದು ಬೆಳಗು. ಮುಸ್ಲಿಂ ಆಳ್ವಿಕೆಯ ಶತಮಾನಗಳಲ್ಲೂ ಅಲ್ಲಿನ ಕ್ರೈಸ್ತರು ಬಿಡದೆ ನಡೆಸಿಕೊಂಡು ಬಂದ, ಮೊಜಾರಬಿಕ್ ಎಂದು ಹೆಸರಾದ ಪುರಾತನ ಬಲಿಪೂಜೆ (ರೊಟ್ಟಿ, ದ್ರಾಕ್ಷಾರಸಗಳನ್ನು ಅರ್ಪಿಸುವ ಕ್ರೈಸ್ತ ಆರಾಧನೆ) ಅಲ್ಲಿನ ಕಾರ್ಪಸ್ ಕ್ರಿಸ್ಟಿ ಪ್ರಾರ್ಥನಾಲಯದಲ್ಲಿ ಇಂದಿಗೂ ಸಲ್ಲುತ್ತದೆ.

ಮೊದಲ ದಿನ ಅದು ನನಗೆ ತಪ್ಪಿಹೋಯಿತು. ಉಳಿದುಕೊಂಡಿದ್ದ ಕಡೆ ಹೇಳಿದ ಸಮಯವನ್ನು ನಂಬಿ ಮಧ್ಯಾಹ್ನ ಹೋದರೆ, ಪೂಜೆ ಬೆಳಿಗ್ಗೆಯೇ ಮುಗಿದು ಜಾಲರಿಯ ಬಾಗಿಲಿಗೆ ಬೀಗ ಬಿದ್ದಿತ್ತು. ಮರುದಿನಕ್ಕಾಗಿ ಕಾದು ಲಿಯೋನ್ ನಗರದ ಪ್ರಯಾಣವನ್ನೇ ಕೈಬಿಡಬೇಕಾಯಿತು. ಆ ಕೊರಗು ಇನ್ನೂ ಹೋಗಿಲ್ಲ. ಹೋಗುವವರು ಹಿಂದಿನ ದಿನವೇ ಪ್ರಧಾನಾಲಯದಲ್ಲಿ ನೇರವಾಗಿ ವಿಚಾರಿಸಿಕೊಳ್ಳಬೇಕು.

ರೋಮಿನ ಕ್ರಮಕ್ಕೆ ಒಗ್ಗಿದವರಿಗೆ ಈ ಪೂಜೆಯಲ್ಲಿ ಎಲ್ಲವೂ ಜಾಗ ಬದಲಿಸಿದಂತೆ ಕಾಣುತ್ತದೆ. ಜನರು ಒಬ್ಬರಿಗೊಬ್ಬರು ಶಾಂತಿ ಕೋರುವುದು, ರೊಟ್ಟಿ ದ್ರಾಕ್ಷಾರಸಗಳ ಮೇಲೆ ಹೇಳುವ ಮುಖ್ಯ ಪ್ರಾರ್ಥನೆಯಾದ ಮಹಾಸ್ತುತಿಗೂ ಮೊದಲೇ ಆಗುತ್ತದೆ. ನಂಬಿಕೆಯನ್ನು ಸಾರುವ ವಿಶ್ವಾಸ ಪ್ರಮಾಣವನ್ನು, ಯೇಸು ಕಲಿಸಿದ ಪ್ರಭುವಿನ ಪ್ರಾರ್ಥನೆಗೆ ಮುಂಚೆ ಹೇಳಬೇಕೆಂದು 589ರಲ್ಲಿ ಇದೇ ಊರಿನಲ್ಲಿ ಸೇರಿದ ಧರ್ಮಸಭೆ ವಿಧಿಸಿದ್ದು ಇಲ್ಲಿ ಹಾಗೆಯೇ ಉಳಿದಿದೆ. ಆ ಪ್ರಾರ್ಥನೆಯ ಒಂದೊಂದು ಬಿನ್ನಹಕ್ಕೂ ಜನರು 'ಆಮೆನ್' ಎನ್ನುತ್ತಾರೆ. ಒಂದೇ ಉಸಿರಿನಲ್ಲಿ ಪ್ರಾರ್ಥನೆ ಮುಗಿಸುವುದಕ್ಕಿಂತ ಇದು ನನಗೆ ಬಹಳ ಹಿಡಿಸಿತು. ರೊಟ್ಟಿ ಮುರಿಯುವ ಹೊತ್ತಿಗೆ ಗುರುಗಳ ಕೈ ತೀರ ನಿಧಾನವಾಯಿತು.

ಪೂಜೆ ಮುಗಿದ ಮೇಲೆ ಪಕ್ಕದಲ್ಲಿದ್ದ ಹಿರಿಯರೊಬ್ಬರು, "ತುಂಡುಗಳನ್ನು ಎಣಿಸಿದಿರಾ?" ಎಂದು ಕೇಳಿದರು. "ಏಳು" ಎಂದೆ.

"ಏಳು ಶಿಲುಬೆಯಲ್ಲಿ. ಇನ್ನೆರಡು ಅದರ ಆಚೆಗೆ," ಎನ್ನುತ್ತಾ ಅವರು ಬೆಂಚಿನ ಮೇಲೆ ಬೆರಳಿನಿಂದ ಗೆರೆ ಎಳೆದರು. ಒಂದೊಂದು ತುಂಡಿಗೂ ಒಂದು ಹೆಸರು. ಮನುಷ್ಯಾವತಾರ, ಜನನ, ಸುನ್ನತಿ, ಪ್ರಕಟಣೆ (ಕ್ರಿಸ್ತ ಲೋಕಕ್ಕೆ ಕಾಣಿಸಿಕೊಂಡದ್ದು), ಯಾತನೆ ಮೇಲಿನಿಂದ ಕೆಳಕ್ಕೆ. ಮರಣ, ಪುನರುತ್ಥಾನ ಎರಡು ತೋಳುಗಳಲ್ಲಿ. ಮಹಿಮೆ, ರಾಜ್ಯ ಪ್ರತ್ಯೇಕವಾಗಿ. ಕ್ರಿಸ್ತನ ಬಾಳೆಲ್ಲ ಒಂದು ತಟ್ಟೆಯಲ್ಲಿ ಹರಡಿತ್ತು, ನಾನು ಅದನ್ನು ಬರಿಯ ತುಂಡುಗಳೆಂದು ನೋಡಿದ್ದೆ.

ಇದು ಹೇಗೆ ಉಳಿಯಿತೆಂದು ಕೇಳಿದೆ. ಲಿಯೋನ್-ಕ್ಯಾಸ್ಟೀಲಿನ ದೊರೆ ಆರನೆಯ ಅಲ್ಫೋನ್ಸೊನ ಕಾಲದಲ್ಲಿ, 1080ರ ಬುರ್ಗೋಸ್ ಧರ್ಮಸಭೆ ರೋಮಿನ ವಿಧಿಯನ್ನೇ ಗೊತ್ತುಮಾಡಿತು. 1085ರಲ್ಲಿ ಟೊಲೆಡೊ ಅವನ ಕೈಸೇರಿದ ಮೇಲೂ ಇಲ್ಲಿನ ಆರು ಧರ್ಮಕೇಂದ್ರಗಳಿಗೆ ಮಾತ್ರ ಹಳೆಯದನ್ನು ಇಟ್ಟುಕೊಳ್ಳಲು ಅವಕಾಶ ಸಿಕ್ಕಿತು. ಕ್ರಮೇಣ ಅದೂ ಸೊರಗಿದಾಗ ಮಹಾಧರ್ಮಾಧ್ಯಕ್ಷ ಸಿಸ್ನೆರೋಸ್ 1500ರಲ್ಲಿ ಪೂಜಾಗ್ರಂಥವನ್ನೂ 1502ರಲ್ಲಿ ನಿತ್ಯಪ್ರಾರ್ಥನೆಗಳ ಗ್ರಂಥವನ್ನೂ ಅಚ್ಚು ಹಾಕಿಸಿ, ಈ ಪ್ರಾರ್ಥನಾಲಯವನ್ನು ಅದಕ್ಕೆಂದೇ ಮೀಸಲಿಟ್ಟರು.

"ಹಾಡುಗಳು?" ಎಂದೆ. ಅವರ ಮುಖ ಬಾಡಿತು. ಈ ವಿಧಿಯ ಹಾಡುಗಳಿರುವ ಲಿಯೋನಿನ ಹಳೆಯ ಹಸ್ತಪ್ರತಿಯಲ್ಲಿ ರಾಗದ ಏರಿಳಿತದ ಗುರುತುಗಳಿವೆ, ಸ್ವರಗಳ ಅಂತರ ಮಾತ್ರ ಅದರಲ್ಲಿಲ್ಲ. ಕಿವಿಯಿಂದ ಕಿವಿಗೆ ಕಲಿಸುವವರು ಇಲ್ಲವಾದಾಗ ಬಹುಪಾಲು ರಾಗಗಳು ಮೌನವಾದವು. ಅವರು ಮತ್ತೆ ಬೆಂಚಿನತ್ತ ಬಾಗಿ, ಈ ಸಲ ಒಂಬತ್ತು ಸ್ಥಾನಗಳನ್ನೂ ನನ್ನ ಬೆರಳಿನಿಂದಲೇ ಬರೆಸಿದರು.