ನಾಯಿ ಕೆರೆದುಕೊಳ್ಳುತ್ತಿದೆ, ಕಾರಣ ಊಟವೇ?

ನಾಯಿ ಮೈ ಕೆರೆದುಕೊಂಡಿತೆಂದು ಕೂಡಲೇ ಊಟ ಬದಲಿಸಬೇಡಿ. ಮೊದಲು ಬಾಲದ ಬುಡ ನೋಡಿ. ಅಲ್ಲಿ ಕೂದಲುದುರಿದ್ದರೆ ಅನುಮಾನ ಚಿಗಟದ ಮೇಲೆ. ಹಲ್ಲು ಒತ್ತಾಗಿರುವ ಬಾಚಣಿಗೆಯಿಂದ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಕಾಗದಕ್ಕೆ ಉಜ್ಜಿ. ಕೆಂಗಂದು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ. ಕಿವಿಯಂಚು, ಮೊಣಕೈಗಳಲ್ಲಿ ಹಕ್ಕಳೆ ಕಟ್ಟಿ ಮನೆಯವರಿಗೂ ತುರಿಕೆ ಹತ್ತಿದ್ದರೆ ಕಜ್ಜಿಹುಳುವಿರಬಹುದು.

ಆಹಾರದ ಅಲರ್ಜಿಗೆ ಬೇಸಿಗೆ, ಮಳೆಗಾಲವೆಂಬ ಭೇದವಿಲ್ಲ, ವರ್ಷವಿಡೀ ಕಾಡುತ್ತದೆ. ಪಾದ, ಕಿವಿ, ಕಂಕುಳು, ತೊಡೆಸಂದು, ಮಲದ್ವಾರದ ಸುತ್ತ ತುರಿಕೆ ಹೆಚ್ಚು. ನೆಕ್ಕಿ ನೆಕ್ಕಿ ಪಾದದ ಬಿಳಿ ಕೂದಲು ಕಂದಾಗುತ್ತದೆ. ಕಿವಿಸೋಂಕು ವಾಸಿಯಾಗಿ ಮತ್ತೆ ಮತ್ತೆ ಬರುತ್ತದೆ. ಕೆಲವಕ್ಕೆ ವಾಂತಿ, ಭೇದಿಯೂ ಇರುತ್ತದೆ. ವರ್ಷಗಳಿಂದ ತಿನ್ನುತ್ತಿದ್ದ ಊಟವೇ ಒಗ್ಗದೆ ಹೋಗಬಹುದು, ಹಾಗಾಗಿ ‘ಇದನ್ನೇ ತಿಂದು ಬೆಳೆದಿದೆ’ ಎಂಬ ವಾದ ನಿಲ್ಲದು. ತೊಂದರೆ ಏನೆಂದರೆ, ಧೂಳು, ಪರಾಗದ ಅಲರ್ಜಿಯೂ ಇದೇ ಜಾಗಗಳಲ್ಲಿ ಕಾಣಿಸುತ್ತದೆ. ಬರೀ ಚರ್ಮ ನೋಡಿ ಎರಡನ್ನೂ ಬೇರ್ಪಡಿಸಲಾಗದು. ಆಹಾರದ ಅಲರ್ಜಿಗೆಂದು ಮಾಡುವ ರಕ್ತ, ಜೊಲ್ಲು, ಕೂದಲಿನ ಪರೀಕ್ಷೆಗಳನ್ನೂ ನಂಬುವಂತಿಲ್ಲ.

ನಂಬಬಹುದಾದ ದಾರಿ ಪಥ್ಯದ ಪ್ರಯೋಗವೊಂದೇ. ಈವರೆಗೆ ತಿನ್ನದ ಒಂದೇ ಮಾಂಸ, ಒಂದೇ ಪಿಷ್ಟ ಪದಾರ್ಥ. ಇಲ್ಲವೇ ಪಶುವೈದ್ಯರು ಸೂಚಿಸುವ, ಪ್ರೋಟೀನನ್ನು ಚಿಕ್ಕ ತುಣುಕುಗಳಾಗಿ ಒಡೆದ ‘ಹೈಡ್ರೊಲೈಸ್ಡ್’ ಆಹಾರ. ಕನಿಷ್ಠ 8 ವಾರ. ಹೆಚ್ಚಾಗಿ ಅಲರ್ಜಿ ತರುವುದು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ ಮತ್ತು ಗೋಧಿ. ಆದ್ದರಿಂದ ಬ್ರ್ಯಾಂಡ್ ಬದಲಿಸಿದರೆ ಸಾಲದು: ಚೀಲದ ಮೇಲೆ ಕುರಿಯ ಚಿತ್ರ, ಪಟ್ಟಿಯಲ್ಲಿ ಕೋಳಿಯ ಕೊಬ್ಬು! ‘ಧಾನ್ಯರಹಿತ’ ಎಂಬ ಹಣೆಪಟ್ಟಿಗೂ ಮರುಳಾಗಬೇಡಿ, ಗೋಧಿ ಇಲ್ಲದಿದ್ದರೂ ಅದರಲ್ಲಿ ಕೋಳಿ, ದನದ ಮಾಂಸ ಇರಬಹುದು.

ಪ್ರಯೋಗ ಕೆಡುವುದು ಸಣ್ಣಪುಟ್ಟದರಲ್ಲಿ. ಮಕ್ಕಳು ಕೊಟ್ಟ ಬಿಸ್ಕತ್ತು, ಮಾಂಸದ ರುಚಿಯ ಜಂತುಮಾತ್ರೆ, ನಾಯಿಯ ಟೂತ್‌ಪೇಸ್ಟ್, ಬೆಕ್ಕಿನ ತಟ್ಟೆ, ಯಾವುದೂ ಕೂಡದು. ಚಿಗಟದ ಔಷಧ ಮಾತ್ರ ನಿಲ್ಲಿಸಬೇಡಿ, ರುಚಿಯಿಲ್ಲದ್ದನ್ನು ಕೇಳಿ ಪಡೆಯಿರಿ. ಚರ್ಮಕ್ಕೆ ಯೀಸ್ಟ್ ಅಥವಾ ಬ್ಯಾಕ್ಟೀರಿಯಾ ತಗುಲಿದ್ದರೆ ಅದಕ್ಕೂ ಚಿಕಿತ್ಸೆಯಾಗಬೇಕು, ಇಲ್ಲದಿದ್ದರೆ ಪಥ್ಯ ಸರಿಯಿದ್ದರೂ ಕೆರೆತ ನಿಲ್ಲದು. ಸ್ಟೀರಾಯ್ಡ್ ನಡೆಯುತ್ತಿದ್ದರೆ ಶಮನ ಯಾವುದರಿಂದ ಎಂಬುದೇ ಗೊತ್ತಾಗದು. ಅದನ್ನು ಯಾವಾಗ, ಹೇಗೆ ಇಳಿಸಬೇಕೆಂದು ವೈದ್ಯರೇ ಹೇಳಲಿ. ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ತುರಿಕೆ ತಗ್ಗಿತೆಂದು ಅಲ್ಲಿಗೇ ನಿಲ್ಲಿಸುವವರೇ ಹೆಚ್ಚು. ಹಳೆಯ ಊಟವನ್ನು ಮರಳಿ ಕೊಟ್ಟು ನೋಡಲೇಬೇಕು. ಅಲರ್ಜಿ ನಿಜವಾದರೆ ಕೆಲವು ಗಂಟೆಗಳಿಂದ ಹಿಡಿದು 2 ವಾರದೊಳಗೆ ಕೆರೆತ ಮರುಕಳಿಸುತ್ತದೆ. ಆಗ ಪಥ್ಯಕ್ಕೆ ಮರಳಿ, ಮೈ ಶಾಂತವಾದ ಮೇಲೆ ಪದಾರ್ಥಗಳನ್ನು ಒಂದೊಂದಾಗಿ, ತಲಾ 2 ವಾರ ಕೊಟ್ಟು ಬರೆದಿಡಿ.