ಅಪ್ಪ ಅಮ್ಮ ಬಂದ್ರೆ ಎಷ್ಟ್ ದಿನ ಇರ್ತಾರೆ?

ಭಾನುವಾರ ಚಿಕ್ಕಮ್ಮನ ಮಗನಿಗೆ ಮನೆ ನೋಡೋಕೆ ಬೆಂಗಳೂರಿನ ಬೆಳ್ಳಂದೂರು ಕಡೆ ಹೋಗಿದ್ದೆ. ಮೂರನೇ ಮಹಡಿ. ಒಂದು ರೂಮು, ಒಂದು ಹಾಲ್, ಒಬ್ಬರು ಒಳಗೆ ನಿಂತರೆ ಇನ್ನೊಬ್ಬರು ಬಾಗಿಲಲ್ಲೇ ಕಾಯಬೇಕಾದಂಥ ಅಡುಗೆಮನೆ. ಬಾಡಿಗೆ 19,000, ಮೇಂಟೆನೆನ್ಸ್ 1,500, ಅಡ್ವಾನ್ಸ್ ಒಂದು ಲಕ್ಷ, ಬಿಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಮುರ್ಕೊಳ್ತಾರೆ. ಇದೆಲ್ಲ ಗೊತ್ತಿದ್ದದ್ದೇ. ಬ್ರೋಕರ್ ದಾರಿಯಲ್ಲೇ ಗಿಣಿಪಾಠ ಒಪ್ಪಿಸಿದ್ದ. ಗೊತ್ತಿಲ್ಲದ್ದು ಕೊನೆಯಲ್ಲಿ ಬಂತು. ಮಾಲೀಕರು ಮೆಟ್ಟಿಲ ಮೇಲೆ ನಿಂತು, ಬೀಗದ ಕೈ ಜೇಬಿಗೆ ಹಾಕ್ಕೊಳ್ತಾ ಕೇಳಿದರು.

"ಇಬ್ರು ಹುಡುಗ್ರು ಇರ್ತೀವಿ ಅಂದ್ರಿ, ಸರಿ. ಅಪ್ಪ ಅಮ್ಮ ಬಂದ್ರೆ ಎಷ್ಟ್ ದಿನ ಇರ್ತಾರೆ?"

ನಾನು ಬಾಯಿ ತೆರೆಯೋ ಮೊದಲೇ ನಮ್ಮ ಹುಡುಗ ಹೇಳಿಬಿಟ್ಟ. "ಅವರು ಬರಲ್ಲ ಸಾರ್."

ಪ್ರಶ್ನೆ ಕೇಳಿ ನನಗೆ ಕೋಪ ಬಂತು, ಅದು ಅಲ್ಲೇ ಇಳಿದೂ ಹೋಯಿತು. ಉತ್ತರ ಮಾತ್ರ ಇಳಿಯುತ್ತಿಲ್ಲ. ಎಷ್ಟು ಚುರುಕಾಗಿ ಬಂತು ಅದು! ಕ್ಯಾಂಪಸ್ ಇಂಟರ್‌ವ್ಯೂನಲ್ಲಿ "ರಿಲೊಕೇಟ್ ಆಗೋಕೆ ರೆಡಿನಾ" ಅಂತ ಕೇಳಿದಾಗ "ಯೆಸ್ ಸರ್" ಅಂದಿರುತ್ತಾನಲ್ಲ, ಅದೇ ದನಿ.

ಪ್ರಶ್ನೆಯ ಹಿಂದಿದ್ದದ್ದು ನೀರು. ಮೇಂಟೆನೆನ್ಸ್‌ನಲ್ಲಿ ಎರಡು ತಲೆಗೆ ಮಾತ್ರ ನೀರಿನ ಲೆಕ್ಕ. ನೆಂಟರು ಬಂದು ಮೂರು ದಿನ ಇದ್ದರೆ ಕೇಳಲ್ಲ. ನಾಲ್ಕನೇ ದಿನಕ್ಕೆ ಕಾಲಿಟ್ಟರೆ ತಲೆಗೆ 500 ರೂಪಾಯಿ, ಆ ತಿಂಗಳಿಗೆ. ಒಂದೇ ದಿನ ಹೆಚ್ಚು ಇದ್ದರೂ ಅಷ್ಟೇ, ತಿಂಗಳಿಡೀ ಇದ್ದರೂ ಅಷ್ಟೇ. ಹಾಗಾದರೆ ನಾಲ್ಕು ದಿನ ಇರೋರು ತಿಂಗಳು ಪೂರ್ತಿ ಇದ್ದು ಹೋಗೋದೇ ಲಾಭ ಅಂತ ನಾನಂದೆ. ಮಾಲೀಕರಿಗೆ ನಗು ಬಂತು. "ಯಾರಿರ್ತಾರಮ್ಮ? ಎರಡ್ನೇ ದಿನಕ್ಕೇ ಬ್ಯಾಗ್ ಜೋಡಿಸ್ಕತಾರೆ. ಇಲ್ಲಿ ಗಾಳಿ ಇಲ್ಲ, ಮಾತಾಡ್ಸೋರಿಲ್ಲ ಅಂತಾರೆ."

ಆ ಮನುಷ್ಯನನ್ನು ಕೆಟ್ಟವರು ಅನ್ನೋಕೆ ನನಗೆ ಮನಸ್ಸಿಲ್ಲ. ಅಲ್ಲಿಯವರೇ. ಈಗ ಬಿಲ್ಡಿಂಗ್ ಇರೋ ಜಾಗದಲ್ಲಿ ಅವರಪ್ಪ ರಾಗಿ ಬೆಳೀತಿದ್ದರಂತೆ. ಬಾವಿಗೆ ಹಗ್ಗ ಬೇಕಿರಲಿಲ್ಲ, ಮಳೆಗಾಲದಲ್ಲಿ ಬಗ್ಗಿ ಮೊಗೀಬಹುದಿತ್ತು ಅಂದರು. ಹೀಗೆ ಹೇಳೋ ಹಿರಿಯರು ಆ ಭಾಗದಲ್ಲಿ ಎಲ್ಲೆಲ್ಲೂ ಸಿಗುತ್ತಾರೆ, ನಾವೂ ಹೂಂಗುಟ್ಟಿ ಮುಂದಕ್ಕೆ ಹೋಗುತ್ತೇವೆ. ಇವರು ಮುಂದಕ್ಕೆ ಹೋಗಲು ಬಿಡಲಿಲ್ಲ. ಕೆಳಗೆ ತಮ್ಮ ಮನೆಗೆ ಕರೆದುಕೊಂಡು ಹೋಗಿ ಟ್ಯಾಂಕರ್ ಪುಸ್ತಕ ತೋರಿಸಿದರು.

ಸ್ಕೂಲ್ ಹುಡುಗರ ಇನ್ನೂರು ಪುಟದ ನೋಟ್‌ಬುಕ್. ತಾರೀಕು, ಬಂದ ಹೊತ್ತು, ಲೀಟರ್, ಕೊಟ್ಟ ದುಡ್ಡು, ಡ್ರೈವರ್ ಸಹಿ. ಜನವರಿಯಲ್ಲಿ ಪುಟಕ್ಕೆ ನಾಲ್ಕೈದು ಸಾಲು, ಏಪ್ರಿಲ್‌ನಲ್ಲಿ ಪುಟ ಸಾಲದೆ ಅಂಚಿನಲ್ಲೂ ಬರೆದಿದ್ದಾರೆ. ಕೆಲವು ಸಾಲಿನ ಪಕ್ಕ ಕೆಂಪು ಇಂಕಿನಲ್ಲಿ "ಅರ್ಧ" ಅಂತಿದೆ. ದುಡ್ಡು ಪೂರ್ತಿ ಇಸ್ಕೊಂಡು ನೀರು ಅರ್ಧ ಬಿಟ್ಟು ಹೋದ ದಿನಗಳವು. ಹಿಂದಿನ ಪುಟದಲ್ಲಿ ಮನೆಗಳ ಪಟ್ಟಿ: 101ಕ್ಕೆ 4, 201ಕ್ಕೆ 2, 202ಕ್ಕೆ 3+1. ಆ +1 ಯಾರು ಅಂತ ಕೇಳಿದೆ.

"ಆ ಹುಡ್ಗಿ ತಾಯಿ. ಬಾಣಂತನಕ್ಕೆ ಬಂದವ್ರೆ. ಅದ್ಕೆ ನಾನೇನೂ ತಗಳ್ತಿಲ್ಲ. ಕೂಸಿನ ನೀರ್ಗೂ ಕಾಸ್ ಇಸ್ಕೊಳಾಕಾಯ್ತದಾ?"

ಅಂದರೆ ಬರೆದಿಟ್ಟಿದ್ದಾರೆ, ವಸೂಲಿ ಮಾಡಿಲ್ಲ. ನನಗೆ ಅವರು ಇಷ್ಟವಾದದ್ದು ಆಗಲೇ. ಅವರ ಪುಸ್ತಕ ಅವರಿಗಿಂತ ಬಿಗಿ.

ಟ್ಯಾಂಕರಿನ ರೇಟು ಅವರ ಕೈಯಲ್ಲೂ ಇಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಬರ ಬಡಿದಾಗ ಜಿಲ್ಲಾಡಳಿತ ದರ ಕಟ್ಟಿತ್ತು. ಐದು ಕಿಲೋಮೀಟರ್ ಒಳಗಾದರೆ 12,000 ಲೀಟರಿಗೆ 1,000 ರೂಪಾಯಿ. ಆ ದರದ ಮಾತು ಎತ್ತಿದರೆ ಟ್ಯಾಂಕರ್‌ನವರು "ಹಂಗಾದ್ರೆ ಅವ್ರನ್ನೇ ಕೇಳಿ" ಅಂತ ಫೋನ್ ಇಡುತ್ತಿದ್ದರಂತೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು. ದಿನಕ್ಕೆ 775 ದಶಲಕ್ಷ ಲೀಟರ್, 2007ರಲ್ಲಿ ಪಾಲಿಕೆಗೆ ಸೇರಿಸಿಕೊಂಡ 110 ಹಳ್ಳಿಗಳಿಗೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಆಸುಪಾಸು ಪೈಪಿನಲ್ಲಿ ಹರಿದು, ದಾರಿಯಲ್ಲಿ ಪಂಪ್ ಮಾಡಿಸ್ಕೊಂಡು ಮೇಲೆ ಹತ್ತಿ ಬರಬೇಕು ಆ ನೀರು. ಇವರ ಬೀದಿಗೆ ಪೈಪು ಬಂದಿದೆ, ಬಿಲ್ಡಿಂಗಿಗೆ ಕನೆಕ್ಷನ್ ಇನ್ನೂ ತಗೊಂಡಿಲ್ಲ. ಒಟ್ಟಿಗೆ ಕಟ್ಟಬೇಕಾದ ದುಡ್ಡು ಜಾಸ್ತಿ ಅಂತ ಮುಂದೂಡುತ್ತಿದ್ದಾರೆ. ಇತ್ತ ಕೂಗಳತೆಯಲ್ಲೇ ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ ಬಿದ್ದಿದೆ. ನೊರೆ ಉಕ್ಕಿಸಿ, 2015ರಿಂದ 2018ರ ನಡುವೆ ಮತ್ತೆ ಮತ್ತೆ ಬೆಂಕಿ ಹೊತ್ತಿಸ್ಕೊಂಡು ಪೇಪರಿನಲ್ಲಿ ಬಂದ ಕೆರೆ. ಕೆರೆಗೆ ಬೆಂಕಿ ಬಿದ್ದ ಊರಲ್ಲಿ ನೆಂಟರನ್ನು ಎಣಿಸೋದರಲ್ಲಿ ಏನು ಆಶ್ಚರ್ಯ!

ಬ್ರೋಕರ್ ವಿಷಯಕ್ಕೆ ಬಂದರೆ, ಅವನು ನನಗೆ ಹಿಡಿಸಲಿಲ್ಲ. ಮನೆ ತೋರಿಸೋ ಮೊದಲೇ "ಟೋಕನ್ ಹಾಕ್ಬಿಡಿ ಮೇಡಂ, ಸಂಜೆ ಒಳಗೆ ಹೋಗ್ಬಿಡ್ತದೆ" ಅನ್ನೋ ಜಾತಿ. ಅವನಿಗೂ ಒಂದು ತಿಂಗಳ ಬಾಡಿಗೆ. ಬೆಳಿಗ್ಗೆ ನೋಡಿದ ಇನ್ನೊಂದು ಮನೆಯಲ್ಲಿ "ನಾನ್‌ವೆಜ್ ಮಾಡ್ತೀರಾ" ಅಂತ ಕೇಳಿದಾಗ, ಹುಡುಗನ ಪರವಾಗಿ "ಪ್ಯೂರ್ ವೆಜ್" ಅಂತ ಅವನೇ ಸುಳ್ಳು ಹೇಳಿದ್ದ. ಬಹುಶಃ ಆ ಸುಳ್ಳು ಕೇಳಿಯೇ ನಮ್ಮವನಿಗೆ ಧೈರ್ಯ ಬಂದಿರಬೇಕು. ಬೆಳಿಗ್ಗೆ ಕೋಳಿ ತಿನ್ನಲ್ಲ ಅಂತಾಯಿತು, ಮಧ್ಯಾಹ್ನ ಅಪ್ಪ ಅಮ್ಮ ಬರಲ್ಲ ಅಂತಾಯಿತು.

ವಾಪಸ್ ಬರುವಾಗ ಕೇಳಿದೆ, ಯಾಕೋ ಹಂಗಂದೆ ಅಂತ.

"ಸುಮ್ನೆ ಅಕ್ಕ. ಬಂದಾಗ ನೋಡ್ಕೊಂಡ್ರಾಯ್ತು. ಈ ಮನೇನೂ ಹೋದ್ರೆ ಮತ್ತೆ ಪಿಜಿನೇ ಗತಿ."

ಅವನು ಹೇಳೋದು ತಪ್ಪಲ್ಲ. ಪಿಜಿಯಲ್ಲಿ ಮೂವರಿಗೆ ಒಂದು ರೂಮು, ದಿನಾ ಅದೇ ಬೇಯದ ಚಪಾತಿ. ಆಫೀಸು ರಿಂಗ್ ರೋಡಿನಲ್ಲಿ. ಊರಿನ ಆ ತುದಿಯ ಕೆಂಗೇರಿ ಕಡೆ ಬಾಡಿಗೆ ಬಹಳ ಕಮ್ಮಿ, ಅಲ್ಲಿಗೆ ಹೋಗು ಅಂತ ಸಲಹೆ ಕೊಡೋರಿಗೆ ಬರ ಇಲ್ಲ. 2023ರ ಅಕ್ಟೋಬರ್‌ನಿಂದ ನೇರಳೆ ಮೆಟ್ರೋ ಕೆಂಗೇರಿ ಆಚೆಯ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೂ ಓಡುತ್ತೆ, ನಿಜ. ಆದರೆ 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು. ಇಳಿದ ಮೇಲೆ ಆಫೀಸಿನ ಬಾಗಿಲಿಗೆ ಇನ್ನೊಂದು ಬಸ್ಸೋ ಆಟೋನೋ ಬೇಕು. ಬಾಡಿಗೆಯಲ್ಲಿ ಉಳಿದದ್ದರಲ್ಲಿ ಒಂದು ಪಾಲು ದಾರಿಗೆ ಹೋಗುತ್ತೆ, ಜೊತೆಗೆ ದಿನಕ್ಕೆ ಮೂರು ಗಂಟೆ. ಲೆಕ್ಕ ಹಾಕಿದವನು ಅವನೇ, ಎಕ್ಸೆಲ್‌ನಲ್ಲಿ. ಆ ಶೀಟು ನೋಡಿದೆ: ಬಾಡಿಗೆ, ಕರೆಂಟು, ಗ್ಯಾಸ್, ವೈಫೈ, ಊರಿಗೆ ಕಳಿಸೋದು, "ಮಿಸ್ಕ್" ಅಂದರೆ ಇತರೆ. ನೆಂಟರ ಕಾಲಂ ಇರಲಿಲ್ಲ.

ಅಡ್ವಾನ್ಸ್ ಕೊಡ್ತಿರೋದು ಚಿಕ್ಕಪ್ಪ. ಚನ್ನಗಿರಿ ಹತ್ತಿರ ಎರಡೂವರೆ ಎಕರೆ ಅಡಿಕೆ ತೋಟ. ಈ ಸಲ ಅಡಿಕೆ ಮಾರಿದ ದುಡ್ಡಿನಲ್ಲಿ ಇನ್ನೊಂದು ಬೋರು ಕೊರೆಸಬೇಕು ಅಂತಿದ್ದ. ಹಳೇ ಬೋರು ಬೇಸಿಗೆಯಲ್ಲಿ ಅರ್ಧ ಗಂಟೆ ಹೊಡೆದು ಗಾಳಿ ಕಾರುತ್ತೆ. ಆ ಲಕ್ಷ ಈಗ ಬೆಳ್ಳಂದೂರಿನ ಮೂರನೇ ಮಹಡಿಗೆ ಬರ್ತಿದೆ, ಬಡ್ಡಿ ಇಲ್ಲದೆ ಕೂರೋಕೆ. ಬ್ಯಾಂಕಿನಲ್ಲಿಟ್ಟರೂ ವರ್ಷಕ್ಕೆ ಆರು ಸಾವಿರ ಹುಟ್ಟುತ್ತಿತ್ತು. ಅದನ್ನು ಯಾರೂ ಬಾಡಿಗೆಗೆ ಸೇರಿಸಿ ಹೇಳಲ್ಲ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೂಡದು ಅನ್ನುತ್ತೆ. ಮಾದರಿ ಅಷ್ಟೇ, ರಾಜ್ಯಗಳು ತಮ್ಮದೂ ಅಂತ ಕಾನೂನು ಮಾಡಿಕೊಂಡರೆ ಮಾತ್ರ ಜಾರಿ. ಬ್ರೋಕರ್ ಮುಂದೆ ಇದನ್ನು ಹೇಳಿದೆ. ಹತ್ತು ತಿಂಗಳ ಅಡ್ವಾನ್ಸ್ ಇಸ್ಕೊಳ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ಡಿಸ್ಕೌಂಟ್ ಮೇಡಂ ಅಂದ.

ಆ "ಬರಲ್ಲ ಸಾರ್" ನನ್ನನ್ನು ಇಷ್ಟು ಕೊರೆಯೋಕೆ ಕಾರಣ, ಅದು ಸುಳ್ಳು ಅನ್ನೋದಲ್ಲ. ನಿಜವಾಗಿಬಿಡುತ್ತೆ ಅನ್ನೋದು. ನಾನೂ ಈ ಊರಿಗೆ ಬಂದು ಬಹಳ ವರ್ಷವಾಯಿತು. ನಮ್ಮಪ್ಪ ಶುರುವಿನಲ್ಲಿ ವಾರಗಟ್ಟಲೆ ಇರುತ್ತಿದ್ದರು. ಆಮೇಲೆ ಎರಡು ರಾತ್ರಿಗೆ ಇಳಿಯಿತು, ಆಮೇಲೆ ಆಸ್ಪತ್ರೆ ಕೆಲಸ ಇದ್ದರೆ ಮಾತ್ರ. ಯಾವತ್ತೂ ಯಾರೂ ಬರಬೇಡಿ ಅನ್ನಲಿಲ್ಲ. ನಾವು ಹಾಲ್‌ನಲ್ಲಿ ಹಾಸಿಗೆ ಹಾಸೋದನ್ನು ನೋಡಿದರು. ಬೆಳಿಗ್ಗೆ ಏಳಕ್ಕೆ ಮನೆಗೊಂದೇ ಬಾತ್‌ರೂಮಿನ ಮುಂದೆ ನಾವು ಗಡಿಯಾರ ನೋಡೋದನ್ನು ನೋಡಿದರು. ಎಮ್ಮೆಗೆ ಹುಲ್ಲು ಹಾಕೋರಿಲ್ಲ ಅಂತ ಹೊರಟರು. ಎಮ್ಮೆ ಮಾರಿದ ಮೇಲೂ ಅದೇ ನೆಪ ಹೇಳುತ್ತಿದ್ದರು!

ಇಲ್ಲಿ ಬದುಕೋಕೆ ಏನು ಖರ್ಚಾಗುತ್ತೆ ಅಂತ ಊರಿನವರು ಕೇಳಿದಾಗ ನಾವು ಬಾಡಿಗೆ ಹೇಳುತ್ತೇವೆ, ಕಾಫಿ ರೇಟು ಹೇಳುತ್ತೇವೆ. ಮನೆ ಹುಡುಕುವಾಗಲೇ ಒಂದಿಷ್ಟು ಜನರನ್ನು ಪಟ್ಟಿಯಿಂದ ಹೊಡೆದಿರುತ್ತೇವೆ, ಅದನ್ನು ಹೇಳಲ್ಲ. ಈ ಬೀದಿಯ ಮನೆಗಳನ್ನೆಲ್ಲ ಕಟ್ಟಿರೋದೇ ಇಬ್ಬರು ಸಂಬಳದವರಿಗೆ. ನಾಲ್ಕು ದಿನ ಕೂತು ಸೊಪ್ಪು ಸೋಸೋ ಮೂರನೆಯವರಿಗೆ ಅಲ್ಲಿ ಕೂರೋಕೆ ಜಾಗ ಇಲ್ಲ, ನೀರಿನ ಪುಸ್ತಕದಲ್ಲಿ ಮಾತ್ರ ಜಾಗ ಇದೆ. ನಮ್ಮ ಮಾಲೀಕರು ಆ ಲೆಕ್ಕವನ್ನು ಬಾಯಿಬಿಟ್ಟು ಕೇಳಿದರು, ಅಷ್ಟೇ. ನಗುನಗ್ತಾ ಬಾಡಿಗೆಗೆ ಕೊಟ್ಟು, ಅಮ್ಮ ಬಂದ ವಾರ ಮೇಲಿನ ಟ್ಯಾಂಕಿನ ವಾಲ್ವ್ ಅರ್ಧಕ್ಕೆ ತಿರುಗಿಸಿಟ್ಟಿದ್ದ ಮನೆಯಲ್ಲೂ ನಾನು ಇದ್ದು ಬಂದಿದ್ದೇನೆ. ಅವರಿಗಿಂತ ಇವರು ವಾಸಿ.

ಸೋಮವಾರ ಚಿಕ್ಕಮ್ಮ ಫೋನ್ ಮಾಡಿದಳು. ಮನೆ ಹೆಂಗಿದೆ, ಪೂರ್ವಕ್ಕೆ ಬಾಗಿಲಾ, ದೇವರ ಗೂಡು ಇದೆಯಾ, ಎಲ್ಲ ಕೇಳಿ ಕೊನೆಗೆ, "ಹಾಲುಕ್ಕಿಸೋಕೆ ನಾವಿಬ್ರೂ ಬರ್ತೀವಿ. ನಂಗೇನು, ಬಸ್ ಚಾರ್ಜೂ ಇಲ್ಲ. ಒಂದ್ವಾರ ಇದ್ದು ಅಡುಗೆಮನೆ ಜೋಡ್ಸಿಕೊಟ್ಟು ಬರ್ತೀನಿ, ಆ ಹುಡುಗ್ರಿಗೆ ಏನ್ ಗೊತ್ತಾಗುತ್ತೆ" ಅಂದಳು. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಚನ್ನಗಿರಿಯಿಂದ ಮೆಜೆಸ್ಟಿಕ್‌ವರೆಗೆ ಪುಕ್ಕಟೆ ಬರೋ ಚಿಕ್ಕಮ್ಮನಿಗೆ ಬೆಳ್ಳಂದೂರಿನಲ್ಲಿ ನಾಲ್ಕನೇ ದಿನದಿಂದ ರೇಟು.

ಹುಡುಗನಿಗೆ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂರು ದಿನದಲ್ಲಿ ಮುಗಿಸ್ಕೊಳ್ಳೋಕೆ ಹೇಳ್ತೀಯಾ ಅಕ್ಕ?" ಅಂದ. ಅದನ್ನ ನೀನೇ ಹೇಳು ಅಂದೆ. ಇವತ್ತಿನವರೆಗೂ ಹೇಳಿಲ್ಲ. ಹನ್ನೊಂದು ತಿಂಗಳ ಅಗ್ರಿಮೆಂಟು ಶನಿವಾರ ಸಹಿ ಆಗುತ್ತೆ. ವರ್ಷ ದಾಟಿದ ಕರಾರಾದರೆ ರಿಜಿಸ್ಟರ್ ಮಾಡಿಸಬೇಕು, ಅದಕ್ಕೇ ಎಲ್ಲರೂ ಹನ್ನೊಂದಕ್ಕೆ ನಿಲ್ಲಿಸೋದು. ಕರಡಿನಲ್ಲಿ ನೆಂಟರ ಬಗ್ಗೆ ಒಂದು ಸಾಲಿದೆ. ನಾನು ಮಾಲೀಕರಿಗೆ ಫೋನ್ ಮಾಡಿ, ಹುಡುಗನ ಅಪ್ಪ ಅಮ್ಮ ಬರ್ತಾರೆ, ವಾರ ಇರ್ತಾರೆ, ಪುಸ್ತಕದಲ್ಲಿ ಈಗಲೇ +2 ಅಂತ ಬರ್ಕೊಳ್ಳಿ, ಆ ಸಾವಿರ ನಾನು ಕೊಡ್ತೀನಿ ಅಂದೆ. "ಬರ್ಲಿ ಬುಡಮ್ಮ, ಆಮ್ಯಾಕ್ ನೋಡವ" ಅಂದರು. ಚಿಕ್ಕಮ್ಮನಿಗೆ ಮಾತ್ರ ಇದರ ಸುದ್ದಿ ಗೊತ್ತಾಗಕೂಡದು ಅಂತ ಹುಡುಗನಿಗೆ ತಾಕೀತು ಮಾಡಿದ್ದೇನೆ. ಸ್ನಾನದ ನೀರಿಗೆ ದುಡ್ಡು ಕಟ್ಟಿದ್ದಾರೆ ಅಂತ ತಿಳಿದರೆ ಹಾಲುಕ್ಕಿಸಿದ ದಿನವೇ ರಾತ್ರಿ ಬಸ್ ಹತ್ತಿಬಿಡ್ತಾಳೆ.