ಬೂದಿಯ ಶಿಲುಬೆ, ಅತ್ತೆಯ ಸೆರಗು

ನಮ್ಮ ನಡುಮನೆಯಲ್ಲಿ ಯೇಸುವಿನ ಪವಿತ್ರ ಹೃದಯದ ಪಟ ಇದೆ. ಅದರ ಹಿಂದೆ ವರ್ಷವಿಡೀ ಒಂದು ತೆಂಗಿನ ಗರಿ ಸಿಕ್ಕಿಸಿರುತ್ತದೆ. ಗರಿಗಳ ಭಾನುವಾರ, ಅಂದರೆ ಪಾಸ್ಖ (ಈಸ್ಟರ್) ಹಬ್ಬದ ಹಿಂದಿನ ಭಾನುವಾರ, ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ಗರಿ. ಬಂದಾಗ ಹಸಿರು. ಒಂದೆರಡು ವಾರಕ್ಕೆ ಹಳದಿ ತಿರುಗುತ್ತದೆ. ಆಮೇಲೆ ಒಣಗಿ, ಮುಟ್ಟಿದರೆ ಮುರಿಯುವ ಹಾಗಾಗುತ್ತದೆ. ಆದರೂ ಯಾರೂ ಅದನ್ನು ಕಸಕ್ಕೆ ಹಾಕುವುದಿಲ್ಲ. ಮುಂದಿನ ವರ್ಷ, ಪಾಸ್ಖಕ್ಕೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲ ಹತ್ತಿರ ಬಂದಾಗ ಚರ್ಚಿಗೆ ವಾಪಸ್ ಕೊಡುತ್ತೇವೆ. ಅದನ್ನು ಸುಟ್ಟು ಬೂದಿ ಮಾಡುತ್ತಾರೆ. ಆ ಬೂದಿಯೇ, ತಪಸ್ಸು ಕಾಲ ಶುರುವಾಗುವ ವಿಭೂತಿ ಬುಧವಾರ ನಮ್ಮ ಹಣೆಗೆ ಬರುತ್ತದೆ.

ಗರಿಯನ್ನು ಮಡಿಸಿ ಶಿಲುಬೆ ಮಾಡುವುದು ನಮ್ಮತ್ತೆಯ ಕೆಲಸ. ಮಂಡ್ಯದ ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು. ತೆಂಗಿನ ಗರಿಯಲ್ಲಿ ಏನು ಬೇಕಾದರೂ ಮಾಡಬಲ್ಲರು. ಹೋದ ವರ್ಷ ಗರಿಗಳ ಭಾನುವಾರದ ಹೊತ್ತಿಗೆ ಅವರಿಗೆ ಮರೆವಿನ ಕಾಯಿಲೆ ಜಾಸ್ತಿಯಾಗಿತ್ತು. ಅವತ್ತು ಯಾವ ವಾರ ಅಂತ ಗೊತ್ತಿರಲಿಲ್ಲ. ಚರ್ಚಿಗೆ ಹೋಗಿ ಬಂದದ್ದೂ ಮನೆ ತಲುಪುವಷ್ಟರಲ್ಲಿ ಮರೆತಿತ್ತು. ಆದರೆ ಗರಿಯನ್ನು ಕೈಗೆ ಕೊಟ್ಟ ತಕ್ಷಣ ಬೆರಳುಗಳು ತಾವಾಗಿಯೇ ಓಡಾಡಿದವು. ಉಗುರಿನಿಂದ ಸೀಳಿದರು, ಅಡ್ಡ ಮಡಿಸಿದರು, ತುದಿಯನ್ನು ಒಳಗೆ ತೂರಿಸಿ ಎಳೆದರು. ಎರಡೇ ನಿಮಿಷ, ಶಿಲುಬೆ ಆಯಿತು. ನನ್ನ ಕೈಗಿಟ್ಟು, "ನಿಮ್ ಮನೇಗ್ ತಗೊಂಡ್ ಹೋಗವ್ವ" ಅಂದರು. ನಾನು ಆ ಮನೆಯ ಸೊಸೆ. ಅಲ್ಲಿಗೆ ಬಂದು ಇಪ್ಪತ್ತೆರಡು ವರ್ಷ.

ಈ ವರ್ಷ ಆ ಶಿಲುಬೆಯನ್ನೂ ಪಟದ ಹಿಂದಿಂದ ತೆಗೆದು ಚರ್ಚಿಗೆ ಕೊಟ್ಟು ಬಂದೆ. ಕೊಡುವಾಗ ಸ್ವಲ್ಪ ಹೊತ್ತು ಕೈ ಬಿಡಲಿಲ್ಲ.

ಮರೆವಿನ ಕಾಯಿಲೆ ಇರುವವರ ಜೊತೆ ಬದುಕಿದವರಿಗೆ ಇದು ಗೊತ್ತಿರುತ್ತದೆ. ದೊಡ್ಡ ಕಷ್ಟಗಳಿಗೆ ಮನಸ್ಸು ಹೇಗೋ ಗಟ್ಟಿಯಾಗುತ್ತದೆ. ಅದೇ ಅದೇ ಪ್ರಶ್ನೆ ಇದೆಯಲ್ಲ, ಅದು ನಮ್ಮನ್ನು ಸವೆಸುತ್ತದೆ. "ಯಾರ್ ಮಗ್ಳವ್ವ ನೀನು?" ಬೆಳಗ್ಗೆ ಕಾಫಿ ಕೊಡುವಾಗ ಒಂದು ಸಲ. ತಲೆ ಬಾಚುವಾಗ ಒಂದು ಸಲ. ಊಟಕ್ಕೆ ಕೂರಿಸಿದಾಗ ಎರಡು ಸಲ. ಮೊದಮೊದಲು ಅವರ ಪಕ್ಕ ಕೂತು ನನ್ನ ಊರು, ಅಪ್ಪನ ಹೆಸರು, ಮದುವೆಯ ದಿನ ಎಲ್ಲ ಹೇಳುತ್ತಿದ್ದೆ. ಆಮೇಲೆ "ನಿಮ್ಮ ಸೊಸೆ ಅತ್ತೆ" ಅಂತ ಒಂದೇ ಮಾತು. ಆಮೇಲಾಮೇಲೆ ಕೇಳಿಸದವಳ ಹಾಗೆ ಇರತೊಡಗಿದೆ.

ವಿಭೂತಿ ಬುಧವಾರದ ಹಿಂದಿನ ಸಂಜೆ ಅತ್ತೆ ಅಡುಗೆಮನೆಗೆ ಹೋಗಿ ಗ್ಯಾಸ್ ತಿರುಗಿಸಿ, ಹೊತ್ತಿಸದೆ ಬಂದುಬಿಟ್ಟಿದ್ದರು. ವಾಸನೆ ಬಂದು ಓಡಿದೆ. ಕಿಟಕಿ ತೆಗೆದೆ, ಸಿಲಿಂಡರ್ ಆಫ್ ಮಾಡಿದೆ. ಎದೆ ಹೊಡೆದುಕೊಳ್ಳುತ್ತಿತ್ತು. ಆಚೆ ಬಂದರೆ ಅತ್ತೆ ನಗುತ್ತಾ ಕೇಳಿದರು, "ಯಾರ್ ಮಗ್ಳವ್ವ ನೀನು?"

ಅದೆಲ್ಲಿತ್ತೋ ಅಷ್ಟು ಸಿಟ್ಟು. ಕೂಗಾಡಿಬಿಟ್ಟೆ. ಎಷ್ಟು ಸಲ ಹೇಳಬೇಕು, ನನಗೂ ಸಾಕಾಗಿದೆ, ನಮ್ಮನ್ನೆಲ್ಲ ಸುಟ್ಟು ಹಾಕುತ್ತೀರಾ ಅಂತ ಏನೇನೋ ಅಂದೆ. ಇಲ್ಲಿ ಬರೆಯಲಾಗದ ಒಂದು ಮಾತನ್ನೂ ಅಂದೆ. ಅತ್ತೆ ಗೋಡೆಗೆ ಒರಗಿ ನಿಂತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು, ಮತ್ತೆ ಸುತ್ತಿಕೊಂಡರು. ಟೀಚರ ಎದುರು ನಿಂತ ಚಿಕ್ಕ ಹುಡುಗಿಯ ಹಾಗೆ.

ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಐದಕ್ಕೆ ಎದ್ದು, ಪೂಜೆಗೆ ಹೊರಡುವ ಮೊದಲು ಅವರ ಕೋಣೆಗೆ ಹೋದೆ. ಎಚ್ಚರವಾಗಿಯೇ ಇದ್ದರು. ಮಂಚದ ಪಕ್ಕ ಕೂತು, "ಅತ್ತೆ, ನಿನ್ನೆ ತುಂಬಾ ಜೋರಾಗಿ ಬೈದುಬಿಟ್ಟೆ, ಮನಸ್ಸಿನಲ್ಲಿ ಇಟ್ಕೋಬೇಡಿ" ಅಂದೆ. ಅವರಿಗೆ ಗಾಬರಿಯಾಯಿತು. ನನ್ನ ಕೈ ಹಿಡಿದುಕೊಂಡು, "ಯಾರು? ಯಾರ್ ಬೈದೋರು ನಿಂಗೆ?" ಅಂದರು.

ಏನು ಹೇಳಲಿ? ಕ್ಷಮೆ ಕೇಳಲು ಹೋದರೆ ಅವರ ಹತ್ತಿರ ನನ್ನ ತಪ್ಪೇ ಇರಲಿಲ್ಲ. ಹೊದಿಕೆ ಸರಿಮಾಡಿ, ಅವರನ್ನು ನೋಡಿಕೊಳ್ಳಲು ಮಗಳನ್ನು ಎಬ್ಬಿಸಿ ಹೊರಟೆ.

ನಮ್ಮ ಮನೆಯಿಂದ ಸಂತ ಫಿಲೋಮಿನಾ ಚರ್ಚು ಹತ್ತು ನಿಮಿಷದ ನಡಿಗೆ. ಮೈಸೂರಿಗೆ ಬಂದವರು ಅದರ 175 ಅಡಿಯ ಅವಳಿ ಗೋಪುರಗಳನ್ನು ನೋಡಿ, ಫೋಟೋ ತೆಗೆದುಕೊಂಡು ಹೋಗುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ್ 1933ರ ಅಕ್ಟೋಬರ್ 28ರಂದು ಅದಕ್ಕೆ ಅಡಿಗಲ್ಲು ಇಟ್ಟರು. ಅದಕ್ಕೂ ಮೊದಲು ಅಲ್ಲಿ ಮುಮ್ಮಡಿಯವರ ಕಾಲದ, 1843ರ ಚಿಕ್ಕ ಚರ್ಚು ಇತ್ತು. ನನಗೆ ಗೋಪುರಕ್ಕಿಂತ ಹತ್ತಿರವಾದದ್ದು ಕೆಳಗಿನ ನೆಲಮಾಳಿಗೆ. ಅಲ್ಲಿ ಸಂತ ಫಿಲೋಮಿನಾಳ ಪ್ರತಿಮೆ ಇದೆ. ಅವಳ ಬಗ್ಗೆ ಲೋಕಕ್ಕೆ ತಿಳಿದದ್ದು ಬಹಳ ಕಡಿಮೆ. 1802ರಲ್ಲಿ ರೋಮಿನ ಪ್ರಿಸಿಲ್ಲಾ ನೆಲಸಮಾಧಿಗಳಲ್ಲಿ ಒಂದು ಗೋರಿ ಸಿಕ್ಕಿತು. ಅದರ ಬಾಯಿಗೆ ಮೂರು ಸುಟ್ಟ ಮಣ್ಣಿನ ಹಲಗೆಗಳನ್ನು ಮುಚ್ಚಿದ್ದರು. ಅದರ ಮೇಲೆ ಅಕ್ಷರಗಳಿದ್ದವು. 'ಲುಮೆನಾ', 'ಪಾಕ್ಸ್ ತೆ', 'ಕುಮ್ ಫಿ'. ಓದಿದರೆ ಅರ್ಥವೇ ಇಲ್ಲ. ಮೊದಲ ಹಲಗೆಯನ್ನು ಕೊನೆಗೆ ಇಟ್ಟು ನೋಡಿದಾಗ ಮಾತು ಕೂಡಿಕೊಂಡಿತು. 'ಪಾಕ್ಸ್ ತೆಕುಮ್ ಫಿಲುಮೆನಾ.' ಫಿಲೋಮಿನಾ, ನಿನಗೆ ಶಾಂತಿ.

ಆ ಹಲಗೆಗಳ ಬಗ್ಗೆ ಪಂಡಿತರಲ್ಲಿ ವಾದ ಇದೆ. 1961ರಲ್ಲಿ ರೋಮ್ ಅವಳ ಹಬ್ಬವನ್ನು ಪೂಜಾ ಕ್ಯಾಲೆಂಡರಿನಿಂದ ತೆಗೆಯಿತು. ಮೈಸೂರಿನ ಜನ ಮೇಣದಬತ್ತಿ ಹಚ್ಚುವುದನ್ನು ನಿಲ್ಲಿಸಲಿಲ್ಲ, ನಾನೂ ನಿಲ್ಲಿಸಿಲ್ಲ. ಆ ಕದಲಿದ ಹಲಗೆಗಳ ಕತೆ ಕೇಳಿದ ಮೇಲಂತೂ ನಮ್ಮತ್ತೆಯ ಮಾತುಗಳೇ ನೆನಪಾಗುತ್ತವೆ. ಒಂದು ದಿನ ನಮ್ಮ ಮನೆಯವರು ಗದ್ದೆಯಿಂದ ಬಂದಾಗ ಅತ್ತೆ ಎದ್ದು ನಿಂತು, "ಬನ್ನಿ ಸ್ವಾಮಿ, ಕೂತ್ಕಳಿ. ನನ್ ಮಗ ಗದ್ದೆ ತಾವ್ಕೆ ಹೋಗವ್ನೆ, ಈಗ ಬತ್ತಾನೆ" ಅಂದರು. ಇವರು ಒಂದು ಮಾತೂ ಆಡದೆ ಕೂತರು. ಅತ್ತೆ ಒತ್ತಾಯ ಮಾಡಿದ ಕಾಫಿಯನ್ನು ನೆಂಟರ ಹಾಗೆ ಕುಡಿದರು. ಆಮೇಲೆ ಹಿತ್ತಿಲಿಗೆ ಹೋಗಿ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೆಂಗಸು ತನ್ನ ಮೊಲೆಗೂಸನ್ನು ಮರೆಯುವುದುಂಟೆ, ಅವಳು ಮರೆತರೂ ನಾನು ನಿನ್ನನ್ನು ಮರೆಯುವುದಿಲ್ಲ ಅಂತ ಪ್ರವಾದಿ ಯೆಶಾಯನ ಬಾಯಲ್ಲಿ ದೇವರು ಹೇಳುತ್ತಾರೆ. ಎಷ್ಟೋ ಸಲ ಕೇಳಿದ್ದ ವಾಕ್ಯ. 'ಅವಳು ಮರೆತರೂ' ಅನ್ನುವ ತುಂಡು ಅದರಲ್ಲಿ ಇದೆ ಅಂತ ಹೊಳೆದದ್ದು ಅವತ್ತು ರಾತ್ರಿ. ತಾಯಿ ಮರೆಯುವ ದಿನವೂ ಬರುತ್ತದೆ ಅಂತ ದೇವರಿಗೆ ಮೊದಲೇ ಗೊತ್ತಿತ್ತು.

ಬುಧವಾರ ಬೆಳಗಿನ ಪೂಜೆಯಲ್ಲಿ ಜನ ತುಂಬಿದ್ದರು. ಯೋವೇಲನ ಗ್ರಂಥದ ವಾಚನ. ಬಟ್ಟೆ ಹರಿದುಕೊಳ್ಳಬೇಡಿ, ಹೃದಯವನ್ನು ಹರಿದುಕೊಳ್ಳಿ. ಆಮೇಲೆ ಶುಭಸಂದೇಶ. ಉಪವಾಸ ಮಾಡುವಾಗ ಮುಖ ಬಾಡಿಸಿಕೊಳ್ಳಬೇಡಿ, ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದುಕೊಳ್ಳಿ. ಸಾಲಿನಲ್ಲಿ ನಿಂತೆ. ಸ್ವಾಮಿಗಳು ಹೆಬ್ಬೆರಳಿನಿಂದ ಹಣೆಗೆ ಬೂದಿ ಹಚ್ಚಿ, ನೀನು ಮಣ್ಣು, ಮಣ್ಣಿಗೇ ಮರಳುತ್ತೀಯೆ, ನೆನಪಿಟ್ಟುಕೋ ಅಂದರು. ಬೂದಿ ತಣ್ಣಗಿತ್ತು, ಸ್ವಲ್ಪ ತರಿತರಿ. ಅದರಲ್ಲಿ ಅತ್ತೆ ಮಡಿಸಿದ ಶಿಲುಬೆಯೂ ಇತ್ತು.

'ನೆನಪಿಟ್ಟುಕೋ' ಅನ್ನುವ ಮಾತು ಎದೆಯಲ್ಲೇ ಕೂತಿತು. ಒಂದು ಮರೆವು ಮನೆಯಲ್ಲಿದೆ, ನೆನಪಿಡು ಎಂಬ ಮಾತು ಹಣೆಯ ಮೇಲಿದೆ. ಅಲ್ಲೇ ಮೊಣಕಾಲೂರಿ ಕೀರ್ತನೆ 103 ಹೇಳಿಕೊಂಡೆ. ನಾವು ಧೂಳು ಎಂಬುದನ್ನು ದೇವರು ನೆನಪಿಟ್ಟುಕೊಂಡಿದ್ದಾರೆ ಅಂತ ಅದರಲ್ಲಿ ಬರುತ್ತದೆ. ಪ್ರವಾದಿ ಯೆರೆಮೀಯನ ಗ್ರಂಥದಲ್ಲಿ ಅದೇ ದೇವರು, ಅವರ ಪಾಪಗಳನ್ನು ಇನ್ನು ನೆನಪಿಗೆ ತರುವುದಿಲ್ಲ ಅನ್ನುತ್ತಾರೆ. ನಮ್ಮ ದುರ್ಬಲತೆಯ ನೆನಪು ಇದೆ, ತಪ್ಪಿನ ನೆನಪು ಬಿಟ್ಟಿದ್ದಾರೆ. ನಾನು ಮಾಡುವುದು ಇದರ ತದ್ವಿರುದ್ಧ. ಅತ್ತೆ ಗ್ಯಾಸ್ ತಿರುಗಿಸಿದ್ದು, ಹಾಲು ಚೆಲ್ಲಿದ್ದು, ರಾತ್ರಿ ಎರಡು ಗಂಟೆಗೆ ಬಾಗಿಲು ತೆಗೆದದ್ದು, ಎಲ್ಲ ತಾರೀಖಿನ ಸಮೇತ ನೆನಪಿದೆ. ಅವರಿಗೆ ಕಾಯಿಲೆ ಎಂಬುದು ಮಾತ್ರ ಹೊತ್ತಿಗೆ ಸರಿಯಾಗಿ ಮರೆತುಹೋಗುತ್ತದೆ.

ಅತ್ತೆಯ ಮರೆವು ದೇವರ ಕ್ಷಮೆಯ ಹಾಗೆ ಅಂತ ನಾನು ಹೇಳಲಾರೆ. ಅವರ ಮರೆವು ಕಾಯಿಲೆ, ಅವರಿಂದ ಕಿತ್ತುಕೊಂಡದ್ದು. ದೇವರು ಎಲ್ಲ ತಿಳಿದೂ ಬೇಕೆಂದೇ ಬಿಟ್ಟುಕೊಡುತ್ತಾರೆ. ಎರಡನ್ನೂ ಒಂದೇ ಅಂದರೆ ಅತ್ತೆಯ ನೋವಿಗೂ ದೇವರ ಪ್ರೀತಿಗೂ ಅನ್ಯಾಯ. ಆದರೂ ಆ ಬೆಳಗ್ಗೆ ನನ್ನ ಕೈ ಹಿಡಿದು "ಯಾರ್ ಬೈದೋರು ನಿಂಗೆ" ಅಂದರಲ್ಲ, ಆ ಕೈ ಬಿಸಿ ಇತ್ತು. ಅದು ಮರೆವಲ್ಲ. ಮರೆವು ಎಲ್ಲ ಬಾಚಿಕೊಂಡು ಹೋದ ಮೇಲೂ ತಳದಲ್ಲಿ ಉಳಿದದ್ದು.

ಹೊರಗೆ ಬಂದು ನಮ್ಮ ಮನೆಯವರಿಗೆ ಫೋನ್ ಮಾಡಿದೆ. ಅವರು ಹಿಂದಿನ ದಿನವೇ ಊರಿಗೆ ಹೋಗಿದ್ದರು. ಕಬ್ಬು ಕಡಿದಾಗಿತ್ತು, ಕೂಳೆ ಬಿಡುವ ಕೆಲಸ. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಕಬ್ಬು ಕಡಿದ ಮೇಲೆ ಅದೇ ಬುಡದಿಂದ ಮತ್ತೆ ಬೆಳೆ ಬರುತ್ತದೆ. ಬಿತ್ತನೆ ಬೇಕಿಲ್ಲ. "ಬೊಡ್ಡೆ ಸವರುಸ್ತಾ ಇದೀನಿ" ಅಂದರು. ಕಡಿಯುವವರು ಆತುರದಲ್ಲಿ ಬುಡವನ್ನು ಎತ್ತರಕ್ಕೆ ಬಿಟ್ಟು ಹೋಗಿರುತ್ತಾರೆ. ಹಾಗೇ ಬಿಟ್ಟರೆ ಚಿಗುರು ಮೇಲಿನ ಗಿಣ್ಣಿನಿಂದ ಬರುತ್ತದೆ, ಸೊರಗಿರುತ್ತದೆ. ನೆಲಮಟ್ಟಕ್ಕೆ ಸವರಿದರೆ ಮಣ್ಣೊಳಗಿನ ಕಣ್ಣು ಒಡೆಯುತ್ತದೆ. ಅದಕ್ಕೆ ಬೇರೂ ಗಟ್ಟಿ. ಮದುವೆಯಾದ ಹೊಸದರಲ್ಲಿ, ಅಷ್ಟು ಕೆಳಕ್ಕೆ ಕಡಿದರೆ ಸತ್ತುಹೋಗಲ್ವಾ ಅಂತ ನಾನು ಕೇಳಿದ್ದಕ್ಕೆ ಅತ್ತೆ ನಕ್ಕು ಹೇಳಿದ್ದರು, "ಸಾಯಾಕಿಲ್ಲ ಮಗ, ನಾಲೆ ನೀರು ಬರ್ಲಿ ನೋಡು."

ಕಡಿದ ಮರಕ್ಕೂ ನಂಬಿಕೆ ಉಂಟು, ನೀರಿನ ವಾಸನೆ ಬಂದರೆ ಸಾಕು ಚಿಗುರುತ್ತದೆ ಅಂತ ಯೋಬನ ಗ್ರಂಥದಲ್ಲಿದೆ. ನೀರಲ್ಲ, ನೀರಿನ ವಾಸನೆ! ಕೆಆರ್‌ಎಸ್‌ನಿಂದ ವಿಸಿ ನಾಲೆಗೆ ನೀರು ಬಿಟ್ಟ ದಿನ ಮಂಡ್ಯದ ಹಳ್ಳಿಯಲ್ಲಿ ಇದ್ದವರಿಗೆ ಆ ವಾಸನೆ ಗೊತ್ತು. ನಾನು ಪ್ರತಿ ತಪಸ್ಸು ಕಾಲದಲ್ಲೂ ಹೊಸಬಳಾಗಲು ನೋಡುತ್ತಿದ್ದೆ. ಮಾಂಸ ಬಿಡುತ್ತೇನೆ, ಶುಕ್ರವಾರ ತಪ್ಪದೆ ಶಿಲುಬೆ ಹಾದಿಯ ಪ್ರಾರ್ಥನೆ ಮಾಡುತ್ತೇನೆ, ಸಿಟ್ಟು ಮಾಡಲ್ಲ ಅಂತ ಪಟ್ಟಿ. ಎಲ್ಲ ಮೇಲಿನ ಗಿಣ್ಣಿನ ಚಿಗುರು. ಪಾಸ್ಖ ಹಬ್ಬ ಮುಗಿದು ಎರಡು ವಾರಕ್ಕೆ ಬಾಡುತ್ತಿತ್ತು. ಈ ಸಲ ದೇವರು ನೆಲಮಟ್ಟಕ್ಕೆ ಸವರಿದರು ಅನ್ನಿಸಿತು. ನಾನು ಒಳ್ಳೆಯ ಸೊಸೆ ಎಂಬ ಹೆಮ್ಮೆ ಒಂದಿತ್ತಲ್ಲ, ಮಂಗಳವಾರ ಸಂಜೆ ಅದು ಪೂರ್ತಿ ಹೋಯಿತು. ಇನ್ನು ಚಿಗುರಿದರೆ ಅವರ ನೀರಿನಿಂದಲೇ.

ಕೂಳೆಗೆ ಒಂದು ಮಿತಿ ಇದೆ, ನಿಜ. ಎರಡು ಮೂರು ಬೆಳೆ ಆದ ಮೇಲೆ ಇಳುವರಿ ಬಿದ್ದು, ರೈತ ಕಿತ್ತು ಹಾಕುತ್ತಾನೆ. ಯೇಸುಸ್ವಾಮಿ ಹೇಳಿದ ಅಂಜೂರದ ಮರದ ಕತೆಯಲ್ಲಿ, ಹಣ್ಣು ಬಿಡದ ಮರವನ್ನು ಕಡಿದುಹಾಕು ಅಂದ ಯಜಮಾನನ ಮುಂದೆ ತೋಟದವನು ನಿಂತು ಬೇಡುತ್ತಾನೆ. ಇದೊಂದು ವರ್ಷ ಬಿಡಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ. ನನಗಾಗಿ ಯೇಸುಸ್ವಾಮಿ ಹಾಗೆ ಎಷ್ಟು ವರ್ಷ ಬೇಡಿದ್ದಾರೋ.

ಮನೆಗೆ ಬಂದಾಗ ಎಂಟು ಗಂಟೆ. ಪಕ್ಕದ ಮನೆಯ ಅಜ್ಜಿ ರಂಗೋಲಿ ಹಾಕುತ್ತಾ, ನನ್ನ ಹಣೆ ನೋಡಿ, "ಇವತ್ತು ವಿಭೂತಿ ಹಬ್ಬ ಅಲ್ವಾ?" ಅಂದರು. ಪ್ರತಿ ವರ್ಷ ಕೇಳುತ್ತಾರೆ. ಒಳಗೆ ಅತ್ತೆ ಬಿಸಿಲು ಬೀಳುವ ಕಡೆ ಚಾಪೆ ಹಾಕಿಸಿಕೊಂಡು ಕೂತಿದ್ದರು. ಚಪ್ಪಲಿ ಬಿಟ್ಟು ಒಳಗೆ ಬಂದವಳನ್ನೇ ನೋಡಿದರು.

"ಇದೇನವ್ವ ಹಣೇಗೆ ಮಸಿ ಮಾಡ್ಕಂಡಿದೀಯ? ಬಾ ಇಲ್ಲಿ."

ಬೂದಿ ಅತ್ತೆ, ಚರ್ಚಿನಲ್ಲಿ ಹಚ್ಚಿದ್ದು ಅಂತ ಹೇಳಬೇಕು ಅಂದುಕೊಂಡೆ. ಹೇಳಲಿಲ್ಲ. ಹೋಗಿ ಮುಂದೆ ಕೂತೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು, ನಿನ್ನೆ ಸುತ್ತಿಕೊಂಡ ಹಾಗೆಯೇ. ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡರು. ಇನ್ನೊಂದು ಕೈಯಲ್ಲಿ ನನ್ನ ಗದ್ದ ಹಿಡಿದು, ಮಗುವಿಗೆ ಒರೆಸುವ ಹಾಗೆ ಹಣೆ ಒರೆಸಿದರು. ಒಂದು ಸಲಕ್ಕೆ ಹೋಗಲಿಲ್ಲ. ಮತ್ತೆ ಒದ್ದೆ ಮಾಡಿ ಒರೆಸಿದರು. ಹುಬ್ಬಿನ ಮೇಲೆ ಉದುರಿದ್ದನ್ನೂ ಬಿಡಲಿಲ್ಲ. ಮುಖ ತೊಳೆದುಕೊಳ್ಳಿ ಅಂತ ಯೇಸುಸ್ವಾಮಿ ಹೇಳಿದ್ದನ್ನು ಅರ್ಧ ಗಂಟೆ ಮುಂಚೆ ಕೇಳಿ ಬಂದಿದ್ದೆ.

"ಹೂಂ, ಈಗ ಸರಿಹೋಯ್ತು" ಅಂದರು. ಸೆರಗಿನ ಬಿಳಿ ಅಂಚಿನಲ್ಲಿ ಬೂದಿಯ ಕಲೆ. ಗದ್ದ ಹಿಡಿದ ಕೈ ಬಿಡದೆ ನನ್ನ ಮುಖವನ್ನು ಅತ್ತಿತ್ತ ತಿರುಗಿಸಿ ನೋಡಿದರು.

"ಯಾರ್ ಮಗ್ಳವ್ವ ನೀನು?"

ಚಾಪೆಯ ಮೇಲೆ ಸರಿಯಾಗಿ ಕೂತು, ಅಪ್ಪನ ಹೆಸರಿನಿಂದ ಶುರುಮಾಡಿ ಹೇಳಿದೆ.